ಎಲ್ಲರೂ ‘ಚೆನ್ನಾಗದೆ’ ಅಂದರು

ನಾನು ಡಾಕ್ಟರಲ್ಲ. ದನದ ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಮೂವತ್ತು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವನು. ಆದರೂ ಕೊಳ್ಳೇಗಾಲದಿಂದ ಪಾಲಾರ್‌ವರೆಗೆ ಜನ ನನ್ನನ್ನು ಡಾಕ್ಟರ್ ಎಂದೇ ಕರೆದರು, ನಾನೂ ಬೇಡ ಎನ್ನಲಿಲ್ಲ. ನಿವೃತ್ತಿಯಾದ ಮೇಲೆ ಹಾಗೆ ಕರೆಯುವವರು ಕಡಿಮೆಯಾಗಿ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗಿದ್ದ ಕಾಲದಲ್ಲಿ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು.

ತಾನು ಪ್ರಾಡಕ್ಟ್ ಮ್ಯಾನೇಜರ್ ಎಂದಳು. ಹಾಗಂದರೆ ಏನು ತಯಾರು ಮಾಡುತ್ತೀಯಮ್ಮ ಎಂದು ಕೇಳಿದೆ. ತಾನೇನೂ ತಯಾರು ಮಾಡುವುದಿಲ್ಲವಂತೆ. ಬೇರೆಯವರು ಮಾಡಿದ್ದು ಜನರ ಕೈಗೆ ಕೊಡಲು ಲಾಯಕ್ಕೋ ಅಲ್ಲವೋ ಎಂದು ಹೇಳುವುದು ಅವಳ ಕೆಲಸವಂತೆ. ಇಂಥದ್ದಕ್ಕೂ ಸಂಬಳ ಕೊಡುತ್ತಾರಾ ಅನ್ನಿಸಿತು. ಆಮೇಲೆ ಯೋಚಿಸಿದರೆ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಅವಳ ಕಂಪನಿಯವರು ಎಐ ಹಾಕಿ ಒಂದು ಆ್ಯಪ್ ಮಾಡಿದ್ದರು. ದನಕ್ಕೆ ಏನಾಗಿದೆ ಎಂದು ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು, ಅದು ಕನ್ನಡದಲ್ಲೇ ಉತ್ತರ ಹೇಳುತ್ತಿತ್ತು. ಮೂರು ತಾಲ್ಲೂಕಿನ ಕೆಲವು ಮನೆಗಳಲ್ಲಿ ಒಂದು ತಿಂಗಳು ಪರೀಕ್ಷೆಗೆ ಕೊಟ್ಟಿದ್ದರು. ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಈ ಹುಡುಗಿ ಹೂಂ ಎಂದರೆ, ಮಳೆಗಾಲಕ್ಕೆ ಮುಂಚೆ ಎಲ್ಲ ಡೈರಿಗಳ ಮೂಲಕ ಮನೆಮನೆಗೂ ಹೋಗುತ್ತದೆ. ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಎಂಬುದು ಅವಳ ಚಿಂತೆ. ಅದಕ್ಕೆ ಗೊತ್ತಿರುವವರೊಬ್ಬರು ಉತ್ತರಗಳನ್ನೆಲ್ಲ ಓದಿ ಸರಿ, ತಪ್ಪು ಗುರುತು ಹಾಕಿಕೊಡಬೇಕಿತ್ತು.

ಆಹಾ, ನನಗೆ ಇದಕ್ಕಿಂತ ಇನ್ನೇನು ಬೇಕು! ಕೆಂಪು ಪೆನ್ನು ತರಿಸಿದೆ. ಅವಳು ಅಚ್ಚು ಹಾಕಿಸಿ ತಂದ ಪ್ರಶ್ನೋತ್ತರದ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ನಾಲ್ಕು ದಿನ ಕೂತೆ. ಕೆಲವು ಉತ್ತರ ಓದಿ ಉರಿದುಹೋಯಿತು. ಕರು ಭೇದಿ ಮಾಡುತ್ತಿದೆ ಎಂದರೆ ಸಗಣಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದಿತ್ತು ಆ ಯಂತ್ರ. ಯಾವ ಪ್ರಯೋಗಾಲಯ, ಎಲ್ಲಿದೆ, ಯಾರು ಹೊತ್ತುಕೊಂಡು ಹೋಗುತ್ತಾರೆ ಎಂದು ಹಾಳೆಯ ಮೇಲೇ ಬೈದು ಬರೆದೆ. ಅಡುಗೆಮನೆಯಿಂದ ನನ್ನ ಹೆಂಡತಿ, ನಿಮ್ಮ ಉತ್ತರಪತ್ರಿಕೆ ತಿದ್ದುವವರು ಯಾರೂ ಇರಲಿಲ್ಲವಲ್ಲ, ಪುಣ್ಯವಂತರು ನೀವು ಎಂದು ಛೇಡಿಸಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚೆನ್ನಾಗಿದ್ದ ಉತ್ತರಗಳೂ ಇದ್ದವು, ಸುಳ್ಳು ಹೇಳಬಾರದು. ಹೊಟ್ಟೆ ಉಬ್ಬರದ ಬಗ್ಗೆ ಲೊಕ್ಕನಹಳ್ಳಿಯಿಂದ ಯಾರೋ ಕೇಳಿದ್ದರು. ಅದಕ್ಕೆ ಎಂಟು ಅಂಶದ ಉತ್ತರ. ಮೇವು ತೆಗೆಯಿರಿ, ಕುಡಿಯಲು ನೀರಿಡಿ ಎಂಬಲ್ಲಿಂದ ಹಿಡಿದು, ಹಸು ಮಲಗಲು ಬಿಡಬೇಡಿ, ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡ ಕಡ್ಡಿ ಕಟ್ಟಿ, ತಡಮಾಡದೆ ಡಾಕ್ಟರನ್ನು ಕರೆಯಿರಿ ಎನ್ನುವವರೆಗೆ ಎಲ್ಲವೂ ಇತ್ತು. ಒಂದಕ್ಷರ ತಪ್ಪಿಲ್ಲ. ದೊಡ್ಡದಾಗಿ ಸರಿ ಗುರುತು ಹಾಕಿ, ಪಕ್ಕದಲ್ಲಿ ‘ಉತ್ತಮ’ ಎಂದೂ ಬರೆದೆ.

ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಕೇಳಿದವರು ಕೊಟ್ಟ ನಕ್ಷತ್ರಗಳಿದ್ದವು. ಅದನ್ನು ನಾನು ನೋಡಿದ್ದು ಆಮೇಲೆ. ಎಲ್ಲರದೂ ಐದಕ್ಕೆ ಐದು! ಸಗಣಿ ಪ್ರಯೋಗಾಲಯಕ್ಕೆ ಕಳಿಸಿ ಎನ್ನಿಸಿಕೊಂಡವನೂ ಐದು ಕೊಟ್ಟಿದ್ದ. ನಾನು ತಪ್ಪು ಎಂದ ಉತ್ತರಕ್ಕೆಲ್ಲ ಇವರು ಐದು ಕೊಟ್ಟಿದ್ದಾರೆಂದರೆ ನನಗೆ ತಿಳಿಯದೋ, ಇವರಿಗೆ ತಿಳಿಯದೋ? ನಕ್ಷತ್ರ ಹಾಕಿಸಿಕೊಂಡವರು ಯಾರು ಎಂದು ಹುಡುಗಿಯನ್ನು ಕೇಳಿದೆ. ತಾನೇ ಮನೆಮನೆಗೆ ಹೋಗಿ, ಹೇಗಿದೆ ಎಂದು ಕೇಳಿ ಬರೆದುಕೊಂಡೆ ಎಂದಳು. ನನಗೆ ನಗು ಬಂತು. ನಡೆಯಮ್ಮ, ಇನ್ನೊಂದು ಸುತ್ತು ಹೋಗಿಬರೋಣ ಎಂದೆ. ನನ್ನ ತಪ್ಪು ಗುರುತುಗಳೇ ಸರಿ ಎಂದು ತೋರಿಸಬೇಕೆಂಬ ಹಟವೂ ಒಳಗೆ ಇತ್ತು.

ಮೊದಲು ಸತ್ತೇಗಾಲದಲ್ಲಿ ಆ ಭೇದಿಯ ಕರುವಿನ ಮನೆಗೆ ಹೋದೆವು. ಯಜಮಾನ ಎಳನೀರು ಕೊಚ್ಚಿ ಕೊಟ್ಟ. ಫೋನು ಏನು ಹೇಳಿತಪ್ಪ ಎಂದರೆ ನೆನಪೇ ಇಲ್ಲ. ಮತ್ತೆ ಐದು ನಕ್ಷತ್ರ ಯಾಕೆ ಕೊಟ್ಟೆ ಎಂದಿದ್ದಕ್ಕೆ ಅವನಿಗೇ ಆಶ್ಚರ್ಯ. ಪಾಪ, ಈ ಮಗಳು ಬಿಸಿಲಲ್ಲಿ ಅಷ್ಟು ದೂರದಿಂದ ಬಂದು ಹೇಗಿದೆ ಎಂದು ಕೇಳಿದರೆ ಚೆನ್ನಾಗಿಲ್ಲ ಎನ್ನಲು ಬಾಯಿ ಬರುತ್ತದೆಯೇ ಎಂದ. ಹುಡುಗಿ ಎಳನೀರನ್ನು ಅರ್ಧಕ್ಕೇ ಇಟ್ಟಳು.

ಕಾರಿನಲ್ಲಿ ಅವಳಿಗೆ ಹೇಳಿದೆ: ನಮ್ಮ ಕಡೆ ಚೆನ್ನಾಗಿದೆಯಾ ಎಂದು ಕೇಳಬಾರದು. ಕೇಳಿದರೆ ಉಪ್ಪಿಲ್ಲದ ಸಾರೂ ಚೆನ್ನಾಗಿರುತ್ತದೆ. ಕೇಳಿದ ಮೇಲೆ ಏನು ಮಾಡಿದಿರಿ, ಮೊದಲು ಯಾವುದು ಮಾಡಿದಿರಿ ಎಂದು ಕೇಳು. ಯಳಂದೂರಿನ ಹತ್ತಿರದ ಮನೆಯಲ್ಲಿ ಹಾಗೇ ಕೇಳಿದಳು. ಕೆಚ್ಚಲು ಬಾವಿಗೆ ಫೋನು ಹೇಳಿದ್ದನ್ನೆಲ್ಲ ಗೌರವದಿಂದ ಕೇಳಿಸಿಕೊಂಡು, ಅದರಲ್ಲಿ ಒಂದನ್ನೂ ಮಾಡದೆ, ಅವರು ಅರಿಸಿನ ಹಚ್ಚಿದ್ದರು. ಅಲ್ಲೂ ಐದು ನಕ್ಷತ್ರವೇ. ನನಗೆ ಒಳಗೊಳಗೇ ಖುಷಿ, ನನ್ನ ಲೆಕ್ಕಾಚಾರ ಗೆದ್ದಿತ್ತಲ್ಲ.

ಮಾರನೆಯ ದಿನ ಲೊಕ್ಕನಹಳ್ಳಿಗೆ ಹೋದೆವು. ಕಾಡಿನ ಬದಿಯ ಮನೆ, ಹೆಂಗಸು ಒಬ್ಬಳೇ ಇರುವವಳು. ಹೊಟ್ಟೆ ಉಬ್ಬರದ ಪ್ರಶ್ನೆ ಅವಳದು. ನಾನು ‘ಉತ್ತಮ’ ಎಂದು ಬರೆದದ್ದು, ಅವಳೂ ಐದು ಕೊಟ್ಟದ್ದು. ಇಲ್ಲಿ ನಾನೂ ಜನವೂ ಒಂದೇ ಮಾತು ಹೇಳಿದ್ದೇವೆ ಎಂದು ಹುಡುಗಿಗೆ ಹೇಳುತ್ತಲೇ ಒಳಗೆ ಹೋದೆ. ಆಕೆ ನನ್ನ ಗುರುತು ಹಿಡಿದಳು. ಸರ್ವೀಸಿನಲ್ಲಿದ್ದಾಗ ಲಸಿಕೆ ಡಬ್ಬಿ ಇಟ್ಟುಕೊಂಡು ಮೊಪೆಡ್ಡಿನಲ್ಲಿ ಆ ಬೀದಿಗೆ ಎಷ್ಟು ಸಲ ಹೋಗಿದ್ದೆನೋ. ಚಾಪೆ ಹಾಕಿ ಕೂರಿಸಿ ಕಾಫಿ ತಂದಳು. ಕಾಫಿ ಕಪ್ಪಗಿತ್ತು.

ಹಸು ಸಾಕುವವರ ಮನೆಯಲ್ಲಿ ಕರಿ ಕಾಫಿ ಯಾಕೆ ಎಂದು ಕೊಟ್ಟಿಗೆಯ ಕಡೆ ನೋಡಿದೆ. ಗೂಟ ಖಾಲಿಯಿತ್ತು. ಹಗ್ಗವನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದಳು.

“ಹಸು ಎಲ್ಲವ್ವ?” ಎಂದೆ.

“ಓಯ್ತು ಸಾ. ಅವತ್ತೇ ಓಯ್ತು.”

ಮತ್ತೆ ನನಗೆ ಐದು ಅಂತ ಹೇಳಿದಿರಲ್ಲಮ್ಮ ಎಂದಳು ಹುಡುಗಿ. ಆಕೆ ಹುಡುಗಿಯನ್ನೇ ಸಮಾಧಾನ ಮಾಡತೊಡಗಿದಳು.

“ಅದು ಚೆನ್ನಾಗೇ ಯೋಳ್ತು ಕಣವ್ವ. ನನ್ ಹಣೇಬರ, ಅದ್ಕೆ ನೀನೇನ್ ಮಾಡೀಯೆ?”

ಮೊದಲು ಏನು ಮಾಡಿದೆಯವ್ವ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಹಟ ಉಳಿದಿರಲಿಲ್ಲ. ಬೇಸಿಗೆ ಮಳೆಗೆ ನೆಂದ ಎಳೇ ಅಲಸಂದೆ ಸೊಪ್ಪು ಮೇಯ್ದು ಹಸು ಉಬ್ಬಿತ್ತಂತೆ. ಫೋನಿಗೆ ಹೇಳಿದಳು. ಮೇವು ತೆಗೆಯಿರಿ ಎಂದಿತು. ಅಷ್ಟು ಕೇಳಿದ್ದೇ ತಡ, ಫೋನನ್ನು ಜಗಲಿಯ ಮೇಲಿಟ್ಟು ಎದ್ದು ಓಡಿದಳು. ಸೊಪ್ಪನ್ನೆಲ್ಲ ಬಾಚಿ ಹಿತ್ತಲಿಗೆ ಹಾಕಿದಳು. ಓಡುವಾಗ ನೀರಿಡಿ ಎಂದದ್ದೂ ಕಿವಿಗೆ ಬಿದ್ದಿತ್ತು, ಬಿಂದಿಗೆ ತೆಗೆದುಕೊಂಡು ಬೀದಿ ಕೊನೆಯ ತೊಂಬೆ ನಲ್ಲಿಗೆ ಹೋದಳು. ನೀರು ತಂದು ನೋಡುವಾಗ ಹಸು ಮಗ್ಗುಲಾಗಿ ಬಿದ್ದಿತ್ತು. ಮಲಗಲು ಬಿಡಬೇಡಿ ಎಂಬ ಮಾತನ್ನು ಫೋನು ಜಗಲಿಯಲ್ಲಿ ಕೂತು ಯಾವಾಗಲೋ ಗೋಡೆಗೆ ಹೇಳಿ ಮುಗಿಸಿತ್ತು.

ಹಾಳೆ ತೆಗೆದು ನೋಡಿದೆ. ಆ ಮಾತು ಐದನೆಯದು. ನಾನು ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ಎಂಟನ್ನೂ ನಿಧಾನಕ್ಕೆ ಓದಿ ಗುರುತು ಹಾಕಿದ್ದೆ. ಹಸು ಉಬ್ಬಿ ಒದ್ದಾಡುತ್ತಿರುವಾಗ ಎಂಟರವರೆಗೆ ಯಾರು ಕೂತು ಕೇಳುತ್ತಾರೆ ಎಂಬುದು ಮೂವತ್ತು ವರ್ಷ ದನಗಳ ನಡುವೆ ಇದ್ದ ನನಗೆ ಹೊಳೆಯಲಿಲ್ಲ. ‘ಉತ್ತಮ’ ಎಂಬುದನ್ನು ಹುಡುಗಿಯೂ ನೋಡಿದಳು. ಬೈದಿದ್ದರೇ ವಾಸಿಯಿತ್ತು.

ಆಗ ಒಂದು ಕೆಟ್ಟ ಕುತೂಹಲ ಹುಟ್ಟಿತು. ನಾನು ಬರುತ್ತಿದ್ದ ಕಾಲದಲ್ಲಿ ಹೇಗೆ ಹೇಳುತ್ತಿದ್ದೆನವ್ವ ಎಂದು ಕೇಳಿಯೇಬಿಟ್ಟೆ.

“ನೀವು ಬಲೇ ಚೆನ್ನಾಗ್ ಯೋಳ್ತಿದ್ರಿ ಸಾ.”

ನನಗೂ ಐದು ನಕ್ಷತ್ರ! ಬಿಡಲಿಲ್ಲ, ಹೇಳಿ ಹೋದ ಮೇಲೆ ಏನು ಮಾಡುತ್ತಿದ್ದಿರಿ ಎಂದೆ. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಒಂದೇ ಉಸಿರಿಗೆ ಹತ್ತು ಹೇಳುತ್ತಿದ್ದೆನಂತೆ. ನನ್ನ ಗಾಡಿ ತಿರುವು ದಾಟಿದ ಮೇಲೆ, ಆಯಪ್ಪ ಏನಂದ ಎಂದು ಬೀದಿಯವರೆಲ್ಲ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರಂತೆ. ಮರಳಿ ಕರೆದು ಕೇಳಲು ಭಯ; ನಾನು ಸಿಡುಕುತ್ತಿದ್ದೆ. ಹೆಂಡತಿ ಛೇಡಿಸಿದ್ದು ಆಗ ನೆನಪಾಯಿತು.

ಸೋಮವಾರ ಹುಡುಗಿ ಉಹೂಂ ಎಂದಳು. ಮೀಟಿಂಗಿನಲ್ಲಿ ಅವಳ ಮೇಲಿನವರು ರೇಗಿದರಂತೆ, ಐದಕ್ಕೆ ಐದು ಇಟ್ಟುಕೊಂಡು ಯಾಕೆ ಹಿಂಜರಿಯುತ್ತೀಯ ಎಂದರಂತೆ. ಅವಳು ಕರಿ ಕಾಫಿಯ ಕಥೆ ಹೇಳಿದಳಂತೆ. ಕೆಲಸ ಮುಂದಕ್ಕೆ ಹೋಯಿತು. ನಾನು ಹಾಳೆಗಳನ್ನು ಮತ್ತೆ ಮೊದಲಿಂದ ಹಿಡಿದೆ. ಈ ಸಲ ಓದಲಿಲ್ಲ. ಹೆಂಡತಿ ಒಂದು ಮಾತು ಓದಿ ನಿಲ್ಲಿಸುವಳು. ಅಷ್ಟೇ ಕೇಳಿ ಎದ್ದು ಹೋದರೆ ದನ ಉಳಿಯುತ್ತದೋ ಇಲ್ಲವೋ ಎಂದು ಯೋಚಿಸಿ ಗುರುತು ಹಾಕುವೆ. ನನ್ನ ಎಷ್ಟೋ ಸರಿಗಳು ತಪ್ಪಾದವು.

ತಿಂಗಳ ಮೇಲೆ ಹೊಸ ಉತ್ತರಗಳು ಬಂದವು. ಇಬ್ಬರೂ ಮತ್ತೆ ಲೊಕ್ಕನಹಳ್ಳಿಗೆ ಹೋದೆವು. ಬೇರೆ ಮನೆಗೆ ಹೋಗಬಹುದಿತ್ತು, ಆದರೆ ಹುಡುಗಿ ಅಲ್ಲಿಗೇ ಎಂದಳು. ಫೋನಿನಲ್ಲಿ ಹೊಟ್ಟೆ ಉಬ್ಬರದ ಉತ್ತರವನ್ನು ಹಾಕಿ ಕೇಳಿಸಿದಳು. ಹಸು ಮಲಗಲು ಬಿಡಬೇಡಿ, ನಿಲ್ಲಿಸಿ, ಈಗಲೇ ಡಾಕ್ಟರಿಗೆ ಫೋನ್ ಮಾಡಿ ಎಂದು ಹೇಳಿ ಅದು ಸುಮ್ಮನಾಯಿತು. ನಿಲ್ಲಿಸಿದಿರಾ ಎಂದು ಕೇಳಿತು. ಹುಡುಗಿ ಹೂಂ ಎಂದ ಮೇಲೆ ಮುಂದಿನದು ಹೇಳಿತು.

ಚೆನ್ನಾಗಿದೆಯಾ ಎಂದು ನಾವಿಬ್ಬರೂ ಕೇಳಲಿಲ್ಲ. ಆಕೆ ಖಾಲಿ ಗೂಟದ ಕಡೆ ನೋಡಿದಳು.

“ಇದ್ನ ಅವತ್ತೇ ಮೊದ್ಲು ಯೋಳ್ಬೇಕಿತ್ತು ಸಾ,” ಎಂದಳು.

ನನ್ನನ್ನು ನೋಡಿಯೇ ಹೇಳಿದಳು. ಇಷ್ಟು ವರ್ಷದಲ್ಲಿ ಈ ಸೀಮೆಯಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಹುಡುಗಿ ನಕ್ಷತ್ರದ ಜಾಗ ಖಾಲಿ ಬಿಟ್ಟು, ಆ ಮಾತನ್ನು ಆಕೆ ಆಡಿದ ಹಾಗೆಯೇ ಬರೆದುಕೊಂಡಳು.