ನಲವತ್ತೆರಡು ಮೊಳೆಗಳ ಹಲಗೆ

ಬೆಳಗಿನ ಐದೂವರೆ. ಬೀದಿಗೆ ಇನ್ನೂ ಎಚ್ಚರವಾಗಿಲ್ಲ. ಮೂಲೆಯ ಅಂಗಡಿಯ ಶಟರ್ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿದೆ. ಎಲ್ಲರೂ ‘ಅಂಗಡಿಯಕ್ಕ’ ಎನ್ನುವ ಒಡತಿ ಅದಕ್ಕೆ ಮೊಣಕಾಲಿನಿಂದ ಒಂದು ಗುದ್ದು ಕೊಡುತ್ತಾರೆ. "ಇದೂ ನಮ್ಮ ಯಜಮಾನರ ಹಾಗೇ, ಗುದ್ದದೆ ಏಳಲ್ಲ" ಎನ್ನುತ್ತಾರೆ. ಒಳಗಿನಿಂದ ಯಜಮಾನರು ಕೆಮ್ಮಿ, ತಾವು ಎದ್ದಿರುವುದನ್ನು ತಿಳಿಸುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಬೇರೆ ದೇಶದಿಂದ ಈ ಮಹಾನಗರಕ್ಕೆ ಬಂದ ದಂಪತಿ ಇವರು. ಅಲ್ಲಿ ಅಕ್ಕ ಶಾಲೆಯಲ್ಲಿ ಟೀಚರ್. ಇಲ್ಲಿ ಮೊದಲೆರಡು ವರ್ಷ ಕಂಡವರ ಮೆಟ್ಟಿಲು ಒರೆಸಿದರು, ಬಿಸ್ಕತ್ತು ಪೊಟ್ಟಣದ ಮೇಲಿನ ಅಕ್ಷರ ಕೂಡಿಸಿ ನಮ್ಮ ಭಾಷೆ ಕಲಿತರು. ಈಗ ದಿನಕ್ಕೆ ಹದಿನೈದು ಗಂಟೆ ದುಡಿಮೆ, ತೊಂಬತ್ತು ಪ್ಯಾಕೆಟ್ ಹಾಲು, ಅರವತ್ತು ಬ್ರೆಡ್ಡು. ವಾರದ ರಜೆ ಯಾವಾಗ ಎಂದರೆ ನಗುತ್ತಾರೆ.

ಆದರೆ ಈ ಅಂಗಡಿಯ ಹೆಚ್ಚುಗಾರಿಕೆ ಗಲ್ಲಾದ ಹಿಂದಿರುವ ಹಲಗೆ. ಅದರ ಮೊಳೆಗಳಲ್ಲಿ ಬೀದಿಯ ಮನೆಗಳ ಬೀಗದ ಕೈಗಳು ನೇತಾಡುತ್ತವೆ. ಪ್ರವಾಸಕ್ಕೆ ಹೊರಟವರು, ನಲ್ಲಿ ರಿಪೇರಿಯವನಿಗೆ ಕಾಯಲಾಗದವರು ಇಲ್ಲಿ ಕೊಟ್ಟು ಹೋಗುತ್ತಾರೆ. ಒಂದರ ಮೇಲೂ ಮನೆ ನಂಬರಿಲ್ಲ, ಬರೀ ಬಣ್ಣದ ದಾರ. "ನಂಬರ್ ಬರೆದ್ರೆ ಕಳ್ಳನಿಗೆ ವಿಳಾಸ ಕೊಟ್ಟ ಹಾಗಲ್ವಾ? ಯಾವ ದಾರ ಯಾರ ಮನೇದು ಅಂತ ನನ್ನ ತಲೇಲಿದೆ."

ಮೊಳೆಗಳು ನಲವತ್ತೆರಡು. ಇಂದು ತುಂಬಿರುವುದು ಆರು. ಉಳಿದವು ಖಾಲಿಯಾಗಲು ಕಾರಣ ನಾನು.

ಹೋದ ವರ್ಷ ನನ್ನ ತಾಯಿಯ ಚಿನ್ನದ ಸರ ಕಾಣೆಯಾಯಿತು. ನಮ್ಮ ಮನೆಯ ಬೀಗದ ಕೈ ಅಕ್ಕನ ಹಲಗೆಯಲ್ಲಿತ್ತು. ನಾನು ಪೊಲೀಸರ ಬಳಿ ಹೋಗಲಿಲ್ಲ, ಅಕ್ಕನನ್ನೂ ಕೇಳಲಿಲ್ಲ. ಪಕ್ಕದ ಮನೆಯಾಕೆಗೆ ಮಾತ್ರ, "ಎಷ್ಟಾದರೂ ಹೊರಗಿನವರು ನೋಡಿ" ಎಂದೆ. ಅಷ್ಟೇ ಸಾಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಬೀಗದ ಕೈ ವಾಪಸು ಪಡೆದರು.

"ಮೊದಲು ಎಲ್ರೂ ಬೀಗ ಬದಲಾಯಿಸ್ತಿದ್ದಾರೆ ಅಂದ್ಕೊಂಡೆ. ಹೊಸ ಬೀಗದ ಕೈ ಬರ್ತಾವಲ್ಲ ಅಂತ ಹೊಸ ದಾರಾನೂ ತಂದಿಟ್ಟೆ" ಎನ್ನುತ್ತಾರೆ ಅಕ್ಕ.

ಎರಡು ತಿಂಗಳ ಬಳಿಕ ಸರ ಸಿಕ್ಕಿತು, ನನ್ನದೇ ಹಳೆಯ ಕೈಚೀಲದ ಹರಿದ ಅಸ್ತರಿನೊಳಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ ಎಂದು ನಗುತ್ತಲೇ ಎಲ್ಲರಿಗೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಚಿಕೆಯಾಯಿತು. ಹಾಲನ್ನು ಎರಡು ಬೀದಿ ಆಚೆಯಿಂದ ತರತೊಡಗಿದೆ. ಆ ದಿನಗಳಲ್ಲೇ ಈ ಅಂಕಣದಲ್ಲಿ ಯಾರ್ಯಾರದೋ ಪ್ರಾಮಾಣಿಕತೆಯನ್ನು ಕೊಂಡಾಡಿ ಬರೆಯುತ್ತಲೂ ಇದ್ದೆ, ಯಾವ ಮುಖ ಇಟ್ಟುಕೊಂಡೋ.

ಇವತ್ತು ಗಲ್ಲಾದ ಮುಂದೆ ನಿಂತು ಎಲ್ಲವನ್ನೂ ಹೇಳುತ್ತೇನೆ. ಅಕ್ಕ ಬ್ರೆಡ್ಡು ಜೋಡಿಸುವುದನ್ನು ನಿಲ್ಲಿಸುವುದಿಲ್ಲ. "ನೀವು ಅಂತ ಗೊತ್ತಿರಲಿಲ್ಲ" ಎನ್ನುತ್ತಾರೆ. ಕೊನೆಯ ಬ್ರೆಡ್ಡು ಇಟ್ಟ ಮೇಲೆ, "ಬೀದಿಯವರು ಅಂದಿದ್ದು ತಡ್ಕೊಂಡೆ ಮೇಡಂ. ಒಂದಿನ ನನ್ನ ಮಗಳು ಬಾಗಿಲು ಹಾಕ್ಕೊಂಡು, ‘ಅಮ್ಮಾ, ನಿಜ ಹೇಳು, ನೀನು ತಗೊಂಡಿಲ್ಲ ತಾನೇ?’ ಅಂತ ಕೇಳಿದ್ಲು."

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಒಳ್ಳೆಯದಾಗಿ ಬರೆಯುತ್ತೇನೆ ಎನ್ನುತ್ತೇನೆ, ಅದೇ ದೊಡ್ಡ ಪರಿಹಾರ ಎಂಬಂತೆ.

"ಒಳ್ಳೇದೇನೂ ಬೇಡ. ಸರ ಎಲ್ಲಿ ಸಿಕ್ತು ಅಂತ ಬರೀರಿ, ಸಾಕು. ಮಗಳಿಗೆ ತೋರಿಸ್ತೀನಿ."