ಲಕ್ಷ್ಮೇಶ್ವರದ ಸ್ಕ್ಯಾನ್ ಶಾಂಭವಿ

ಲಕ್ಷ್ಮೇಶ್ವರದಲ್ಲಿ ಮೊಬೈಲಿನಿಂದಲೇ ಜನರ ಕಾಗದಪತ್ರ ಸ್ಕ್ಯಾನ್ ಮಾಡಿಕೊಡುವ ಶಾಂಭವಿಗೆ ಮೂಗಿನ ತುದಿಯಲ್ಲೇ ಸಿಟ್ಟು. ದಸರೆ ಮುಗಿದಾಗಿನಿಂದ ಅವಳು ತೆಗೆದ ಪ್ರತಿ ಕಾಗದದ ನಡುವೆಯೂ ಕೆಂಪು ಮಸುಕು ಬರುತ್ತಿತ್ತು.

"ಪೂಜಿಗಿಟ್ಟು ಕಾಗದಕ್ಕೂ ಕುಂಕುಮ ಬಳೀತೀರಿ, ಬುದ್ಧಿ ಐತೇನ್ರಿ ನಿಮಗ?" ಎಂದು ಬಂದವರನ್ನೆಲ್ಲ ಬೈದು ಅಟ್ಟುತ್ತಿದ್ದಳು.

ಅಡರಕಟ್ಟಿಯ ದ್ಯಾಮಪ್ಪ ಎರಡು ಸಲ ಬೈಸಿಕೊಂಡು ಹೋಗಿದ್ದ. ಮೂರನೆಯ ಸಲ ದೇವರಿಗೆ ತಪ್ಪುಕಾಣಿಕೆ ಇಟ್ಟು, ಹೊಲದ ಪತ್ರದ ಕುಂಕುಮವನ್ನೆಲ್ಲ ಒರೆಸಿ ತಂದ. ಆದರೂ ಮಸುಕು ಬಂತು.

"ನೆಟ್ಟಗ ಒರಸಾಕೂ ಬರೂದಿಲ್ಲೇನು?" ಶಾಂಭವಿ ಸಿಡಿದಳು.

ದ್ಯಾಮಪ್ಪ ಅವಳ ಫೋನನ್ನೇ ಕಿತ್ತುಕೊಂಡು ಹಿಂದುಮುಂದಾಗಿ ತಿರುಗಿಸಿ ತೋರಿಸಿದ. ಆಯುಧಪೂಜೆಯ ದಿನ ಅವಳೇ ಹಚ್ಚಿದ ಕುಂಕುಮ ಕ್ಯಾಮೆರಾದ ಗಾಜಿನ ಮೇಲೆ ಒಣಗಿತ್ತು.

ಶಾಂಭವಿ ಸೆರಗಿನಿಂದ ಗಾಜು ಒರೆಸಿ ಅವನ ಮೇಲೆಯೇ ಹರಿಹಾಯ್ದಳು: "ಮೊದಲನೇ ದಿನಾನ ಹೇಳಾಕ ನಿನಗೇನ್ ಧಾಡಿ ಬಡದಿತ್ತೋ ಯಣ್ಣಾ?"