ಅಂಗೈಗೆ ಹತ್ತಿದ ಮಸಿ

ನಮ್ಮ ಕೊಟ್ಟೂರಿನ ಮೆಕ್ಯಾನಿಕ್ ತೀರಿಕೊಂಡು ತಿಂಗಳಾಯಿತು. ಯಾವ ಗಾಡಿ ಬಂದರೂ ಅವರು ಮೊದಲು ಪಾನಾ ಹಿಡಿಯುತ್ತಿರಲಿಲ್ಲ. ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಗೆ ಅಂಗೈ ಒಡ್ಡಿ, ಹತ್ತಿದ್ದನ್ನು ಬೆರಳಿನಿಂದ ತಿಕ್ಕಿ ಮೂಸುತ್ತಿದ್ದರು. "ಬಿಚ್ಚೋದು ಕಡೀಕ್ರಿ" ಅನ್ನುವುದು ಅವರ ಮಾತು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬಾಡಿಗೆ ಕಾರು ಕರಿಹೊಗೆ ಉಗುಳತೊಡಗಿತು. ಏರು ಹತ್ತುತ್ತಿರಲಿಲ್ಲ. ಎಂಜಿನ್ ಹೋಗಿದೆ ಎಂದು ಬೇರೆ ಕಡೆ ಹೇಳಿದ್ದರು. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಕಾರಿನಿಂದ. ಆದರೂ ನನ್ನ ಗಂಡ ಮಾರಲು ಒಪ್ಪಿ, ಹರಪನಹಳ್ಳಿಯ ದಲ್ಲಾಳಿಯನ್ನು ಕರೆಸಿದ್ದರು. ಕೊಡುವ ಮೊದಲು ಒಮ್ಮೆ ತೋರಿಸೋಣ ಎಂದು ನಾನು ಹಟ ಹಿಡಿದೆ. ದಲ್ಲಾಳಿಯೂ ಜೊತೆಗೆ ಬಂದ.

ಮೆಕ್ಯಾನಿಕ್ ತಮ್ಮ ಅಂಗೈ ನೋಡಿಕೊಂಡರು. "ಎಣ್ಣಿ ಅಂಟಿಲ್ಲ, ಒಣಾ ಮಸಿ. ಎಂಜಿನ್ ಗಟ್ಟಿ ಐತ್ರಿ, ಗಾಳಿ ಸಾಲವಲ್ದು."

ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಒಳಗೆ ನನ್ನ ಹಳೇ ಸೀರೆಯ ತುಂಡು, ಕೆಂಪು ದೂಳು ಕುಡಿದು ಕಟಕ್ ರೊಟ್ಟಿಯಂತೆ ಗಟ್ಟಿಯಾಗಿತ್ತು. ಉಜ್ಜಿನಿ ದಾರಿಯ ದೂಳು ತಡೆಯಲೆಂದು ನನ್ನ ಗಂಡನೇ ಸುತ್ತಿದ್ದರಂತೆ.

"ಅಕ್ಕಾರ, ನಿಮಗ ಉಡಸೋದು ಬಿಟ್ಟು ಕಾರಿಗಿ ಸೀರಿ ಉಡಸ್ಯಾರ ನೋಡ್ರಿ!"

ಹಾಗೆನ್ನುತ್ತಲೇ ಮೆಕ್ಯಾನಿಕ್ ಬಟ್ಟೆ ಕಿತ್ತೆಸೆದು, ಹೊಸ ಫಿಲ್ಟರ್ ಹಾಕಿ, ಕಾರು ಚಾಲೂ ಮಾಡಿಸಿದರು. ಎಷ್ಟು ರೇಸ್ ಮಾಡಿದರೂ ಕರಿಹೊಗೆ ಬರಲಿಲ್ಲ. ಅವರು ದಲ್ಲಾಳಿಯ ಕಡೆ ತಿರುಗಿ, "ಹರಪನಹಳ್ಳಿ ಬಸ್ಸು ಈಗ ಹೋದ್ರ ಸಿಗತೈತಿ, ಹೊಂಡ್ರಿ" ಎಂದರು.

ಆ ಕಾರು ಇನ್ನೂ ಆರು ವರ್ಷ ನಮಗೆ ಅನ್ನ ಹಾಕಿತು.